ಕನ್ನಡ ಹೊರತುಪಡಿಸಿ ಎಲ್ಲ ಭಾಷೆಗಳಲ್ಲಿ ಲಭ್ಯ

ನಮ್ಮ ಮನೆ ಮಹಡಿಯ ಎರಡು ರೂಮುಗಳಲ್ಲಿ ಆರು ಹುಡುಗಿಯರು ಬಾಡಿಗೆಗಿದ್ದಾರೆ. ಮೂವರು ರಾಯಚೂರಿನ ಕಡೆಯವರು, ಇಬ್ಬರು ಶ್ರೀನಿವಾಸಪುರದವರು, ಒಬ್ಬಳು ಒಡಿಶಾದವಳು. ಆರೂ ಜನ ನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಪಾಳಿಯ ಮೇಲೆ ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ಊಟವಾದ ಮೇಲೆ ಒಂದು ಫೋನನ್ನು ಸ್ಟೀಲ್ ಲೋಟಕ್ಕೆ ಒರಗಿಸಿ, ಒಂದೇ ಇಯರ್‌ಫೋನಿನ ಎರಡು ಕವಲುಗಳನ್ನು ಇಬ್ಬರು ಹಂಚಿಕೊಂಡು, ಮಿಕ್ಕವರು ಆ ಇಬ್ಬರ ಮುಖ ನೋಡಿಕೊಂಡು ಕೂರುತ್ತಾರೆ. ಇಬ್ಬರು ನಕ್ಕರೆ ನಾಲ್ವರೂ ನಗುತ್ತಾರೆ. ಮೊನ್ನೆ ನೀರಿನ ಮೋಟರ್ ನೋಡಲು ಮೇಲೆ ಹೋದಾಗ ರಾಯಚೂರಿನ ಹುಡುಗಿಯೊಬ್ಬಳು ಕೇಳಿದಳು: “ಅಂಕಲ್, ಚಲೋ ಸೀರೀಸ್ ಯಾವ್ದರ ಇದ್ರ ಹೇಳ್ರಿ.”

ಕೇಳಬೇಕಾದವರನ್ನೇ ಕೇಳಿದಳು. ನಿವೃತ್ತನಾದ ಮೇಲೆ ನಾನು ನಿಷ್ಠೆಯಿಂದ ಮಾಡುತ್ತಿರುವ ಕೆಲಸ ಅದೊಂದೇ. ನಾಲ್ಕು ಆ್ಯಪುಗಳ ಚಂದಾವನ್ನು ಮಗ ಬೆಂಗಳೂರಿನಿಂದ ಕಟ್ಟುತ್ತಾನೆ. ಅವನಿಗೆ ದುಡ್ಡಿದೆ, ಟೈಮಿಲ್ಲ, ನನಗೆ ತದ್ವಿರುದ್ಧ. ಆ ಹುಡುಗಿಗೆ ಅಲ್ಲೇ ನಿಂತು ಹೇಳಿದ್ದು ಸಾಲದೆನಿಸಿ, ಊರಿನ ಎಲ್ಲರಿಗೂ ಉಪಯೋಗವಾಗಲೆಂದು ಈ ಶಿಫಾರಸು ಬರೆಯುತ್ತಿದ್ದೇನೆ.

ಮೊದಲಿಗೆ ಓಟಿಟಿ ಕಂಪನಿಗಳಿಗೆ ಒಂದು ನಮಸ್ಕಾರ ಸಲ್ಲಬೇಕು. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4.37 ಕೋಟಿ. ಇಷ್ಟು ಜನರನ್ನು ಅವರವರ ಭಾಷೆಯಲ್ಲೇ ಕೂಡಿಹಾಕಿ ಹಾಳು ಮಾಡುವುದು ಎಷ್ಟು ಸುಲಭವಿತ್ತು! ವೆಲ್ಲೂರಿನವನನ್ನು ನೋಡಿ, ಪಾಪ. ಕೊರಿಯಾದ ‘ಸ್ಕ್ವಿಡ್ ಗೇಮ್’ ಅವನಿಗೆ ತಮಿಳಿನಲ್ಲೇ ಸಿಗುತ್ತದೆ. ಸ್ಪೇನಿನ ‘ಮನಿ ಹೈಸ್ಟ್’ ಕೂಡ ತಮಿಳಿನಲ್ಲೇ. ಒಂದು ಹೊಸ ಪದ ಕಲಿಯದೆ ಅವನ ಜನ್ಮ ಕಳೆದುಹೋಗುತ್ತದೆ. ಚಿತ್ತೂರಿನವನ ಪಾಡೂ ಅಷ್ಟೇ, ಎಲ್ಲವೂ ತೆಲುಗು. ನಮ್ಮನ್ನು ಮಾತ್ರ ಕಂಪನಿಗಳು ಮೇಲ್ದರ್ಜೆಯ ವಿದ್ಯಾರ್ಥಿಗಳೆಂದು ಗುರುತಿಸಿವೆ. ರಿಮೋಟಿನಲ್ಲಿ ಆಡಿಯೋ ಪಟ್ಟಿ ತೆರೆಯಿರಿ: ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕೆಳಗೆ ಇನ್ನೂ ಏನೋ ಇರಬಹುದೆಂದು ಬೆರಳು ಒತ್ತುತ್ತಲೇ ಇರುತ್ತದೆ. ಪಟ್ಟಿ ಮತ್ತೆ ಮೇಲಕ್ಕೆ ಹೋಗಿ ಇಂಗ್ಲಿಷಿನಿಂದ ಶುರುವಾಗುತ್ತದೆ. ನಾನು ಇದನ್ನು ದಿನಾ ಮಾಡುತ್ತೇನೆ, ಹೆಬ್ಬೆರಳಿಗೆ ಒಳ್ಳೆಯ ವ್ಯಾಯಾಮ.

ಹಾಗೆಂದು ಕನ್ನಡವೇ ಇಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. 2022ರಲ್ಲಿ ಪ್ರೈಮ್ ವಿಡಿಯೋದವರು ‘ದಿ ರಿಂಗ್ಸ್ ಆಫ್ ಪವರ್’ ಬಿಟ್ಟಾಗ ಅದಕ್ಕೆ ಕನ್ನಡದ ಧ್ವನಿಯನ್ನೂ ಕೊಟ್ಟರು. ಚೂಪು ಕಿವಿಯ ಅಮರರು, ಗಣಿಯೊಳಗಿನ ಕುಳ್ಳರು, ಎಲ್ಲರೂ ಗ್ರಾಂಥಿಕ ಕನ್ನಡದಲ್ಲಿ ಮಾತಾಡಿದರು. ಕನ್ನಡ ಮಾತಾಡುವವರು ಭೂಮಿಯ ಮೇಲಿಲ್ಲ, ಪುರಾಣದಲ್ಲಿದ್ದಾರೆ ಎಂಬ ಸೂಚನೆ ಇದ್ದರೂ ಇರಬಹುದು. ನಾನು ಅದನ್ನು ಗೌರವವೆಂದೇ ತೆಗೆದುಕೊಂಡೆ.

ಈ ವಿದ್ಯಾಭ್ಯಾಸಕ್ಕೆ ಇಡೀ ಕರ್ನಾಟಕದಲ್ಲಿ ಕೋಲಾರ ಜಿಲ್ಲೆಯವರಿಗಿಂತ ಯೋಗ್ಯರು ಯಾರಿದ್ದಾರೆ? ನಮ್ಮಲ್ಲಿ ಅರ್ಧ ಮನೆಗಳಲ್ಲಿ ಒಲೆ ಮುಂದೆ ತೆಲುಗು, ಜಗುಲಿಯಲ್ಲಿ ಕನ್ನಡ. ಕೆಜಿಎಫ್‌ಗೆ ಹೋದರೆ ತಮಿಳು. ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವನು ಒಂದು ಬಾಕ್ಸಿನ ರೇಟನ್ನು ಒಂದೇ ಉಸಿರಿನಲ್ಲಿ ಮೂರು ಭಾಷೆಗೆ ಹರಿದು ಹಂಚುತ್ತಾನೆ. ಯಾವ ಭಾಷೆಯಲ್ಲಿ ಬಡಿಸಿದರೂ ಅರಗಿಸಿಕೊಳ್ಳುವ ಹೊಟ್ಟೆ ನಮ್ಮದು. ಆದ್ದರಿಂದ ನಾವು ತೆಲುಗಿನಲ್ಲಿ ನೋಡುತ್ತೇವೆ. ಹಾಗೆ ನೋಡಿದ್ದು ಕಂಪನಿಯ ಲೆಕ್ಕದಲ್ಲಿ ತೆಲುಗಿಗೆ ಜಮೆಯಾಗುತ್ತದೆ. ವರ್ಷದ ಕೊನೆಗೆ ಲೆಕ್ಕ ತೆಗೆದರೆ ಕನ್ನಡದಲ್ಲಿ ಯಾರೂ ನೋಡುವುದಿಲ್ಲ ಎಂದು ತಾನಾಗಿ ಸಾಬೀತಾಗುತ್ತದೆ. ಯಾರೂ ನೋಡದ ಭಾಷೆಯಲ್ಲಿ ಯಾರು ತಾನೇ ಮಾಡುತ್ತಾರೆ? ಇಲ್ಲದ್ದನ್ನು ನೋಡುವುದು ಹೇಗೆ ಸ್ವಾಮಿ ಎಂದು ತಿರುಗಿ ಕೇಳುವಷ್ಟು ಅಸಭ್ಯರು ನಾವಲ್ಲ. ಚಂದಾ ನವೀಕರಿಸಿ ಸುಮ್ಮನಿರುತ್ತೇವೆ.

ನಮ್ಮ ಚಿತ್ರರಂಗದ ಹಿರಿಯರ ಪಾಲನ್ನೂ ಇಲ್ಲಿ ನೆನೆಯಬೇಕು. ಡಬ್ಬಿಂಗ್ ಬಂದರೆ ಕನ್ನಡ ಕೆಡುತ್ತದೆಂದು ಅವರು ದಶಕಗಳ ಕಾಲ ಬಾಗಿಲಿಗೆ ಅಡ್ಡ ನಿಂತರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಸರಿಯಲ್ಲವೆಂದು ಹೇಳುವವರೆಗೂ ನಿಂತಿದ್ದರು. ಅಷ್ಟರಲ್ಲಿ ಎರಡು ತಲೆಮಾರು ಪಕ್ಕದ ಕಿಟಕಿಯಿಂದ ಹೊರಗೆ ಹೋಗಿ ತೆಲುಗು ಸಿನಿಮಾ ನೋಡಿಕೊಂಡು ಬಂದಿತ್ತು. ಬಾಗಿಲು ಮಾತ್ರ ಭದ್ರವಾಗಿತ್ತು.

ಇನ್ನು ಶಿಫಾರಸು. ಮೊದಲ ಸ್ಥಾನದಲ್ಲಿ ನಿಸ್ಸಂಶಯವಾಗಿ ‘ಪಂಚಾಯತ್’. 2020ರಲ್ಲಿ ಪ್ರೈಮ್ ವಿಡಿಯೋದಲ್ಲಿ ಹಿಂದಿಯಲ್ಲಿ ಬಂತು. ಪೇಟೆಯಲ್ಲಿ ಓದಿದ ಹುಡುಗನೊಬ್ಬ ಬೇರೆ ನೌಕರಿ ಸಿಗದೆ ಫುಲೇರಾ ಎಂಬ ಹಳ್ಳಿಗೆ ಪಂಚಾಯಿತಿ ಕಾರ್ಯದರ್ಶಿಯಾಗಿ ಬರುತ್ತಾನೆ. ಪಂಚಾಯಿತಿ ಅಧ್ಯಕ್ಷೆ ಹೆಂಡತಿ, ಅಧ್ಯಕ್ಷಗಿರಿ ಗಂಡನದು. ಹುಡುಗ ತಂದುಕೊಂಡ ಚಕ್ರದ ಕುರ್ಚಿಯೊಂದರ ಮೇಲೆ ಊರಿಗೆ ಬಂದ ಮದುಮಗನ ಕಣ್ಣು ಬಿದ್ದು ಮದುವೆ ಮನೆಯಲ್ಲಿ ರಾಮಾಯಣವಾಗುತ್ತದೆ. ದೊಡ್ಡ ಕಥೆಯೇನಲ್ಲ. ದೊಡ್ಡ ಕಥೆ ಅಲ್ಲದ್ದಕ್ಕೇ ಜನ ಮೆಚ್ಚಿದರು, ನಾನೂ ಮೆಚ್ಚಿದೆ. ಮೆಚ್ಚುಗೆ ಕಂಡು ಕಂಪನಿಯವರು 2024ರ ಸೆಪ್ಟೆಂಬರಿನಲ್ಲಿ ಇದೇ ಹಳ್ಳಿಯನ್ನು ತಮಿಳುನಾಡಿಗೆ ಸಾಗಿಸಿ ‘ತಲೈವೆಟ್ಟಿಯಾನ್ ಪಾಳಯಂ’ ಎಂದು ಹೆಸರಿಟ್ಟರು. 2025ರ ಜನವರಿಯಲ್ಲಿ ತೆಲುಗಿಗೆ ಸಾಗಿಸಿ ‘ಸಿವರಪಲ್ಲಿ’ ಎಂದರು. ಅಲ್ಲಿಗೆ ಲಾರಿ ನಿಂತಿತು. ತಮಿಳುನಾಡಿಗೂ ಆಂಧ್ರಕ್ಕೂ ಗಡಿ ಹಂಚಿಕೊಂಡ ಜಿಲ್ಲೆಯಲ್ಲಿ ಕೂತು ನಾವು ಎಡಕ್ಕೊಂದು ಹಳ್ಳಿ, ಬಲಕ್ಕೊಂದು ಹಳ್ಳಿ ಏಳುವುದನ್ನು ನೋಡಿದೆವು. ಮಧ್ಯದಲ್ಲಿ ಜಾಗ ಖಾಲಿ ಬಿಟ್ಟಿದ್ದಾರೆ, ಗಾಳಿ ಬೆಳಕು ಚೆನ್ನಾಗಿ ಬರುತ್ತದೆ.

ಇದನ್ನು ನೋಡುವ ಸರಿಯಾದ ಕ್ರಮ ಹೀಗೆ. ಮೊದಲು ಹಿಂದಿಯದ್ದು ನೋಡಿ, ಕಥೆ ತಿಳಿಯುತ್ತದೆ. ಆಮೇಲೆ ತಮಿಳಿನದ್ದು, ಕಥೆ ಮತ್ತೆ ತಿಳಿಯುತ್ತದೆ. ಮೂರನೆಯದು ತೆಲುಗು, ಇಷ್ಟರಲ್ಲಿ ಸಂಭಾಷಣೆಯನ್ನು ನೀವೇ ಮುಂಚಿತವಾಗಿ ಹೇಳಬಲ್ಲಿರಿ. ಒಂದೇ ಹುಡುಗ ಮೂರು ರಾಜ್ಯಗಳಲ್ಲಿ ಮೂರು ಸಲ ಕೆಲಸ ಬೇಡವೆಂದು ಕೊರಗುತ್ತಾನೆ, ಮೂರು ಸಲ ಊರಿಗೆ ಒಗ್ಗಿಕೊಳ್ಳುತ್ತಾನೆ.

ನಾಲ್ಕನೆಯ ಆವೃತ್ತಿ ಕನ್ನಡದಲ್ಲೇ ಇದೆ. ಅದಕ್ಕೆ ಚಂದಾ ಬೇಡ, ಆಧಾರ್ ಕಾರ್ಡಿನ ಜೆರಾಕ್ಸ್ ಸಾಕು. ನಾನು ಕಳೆದ ವರ್ಷ ಒಂದು ಸೈಟಿನ ಇ-ಸ್ವತ್ತಿಗಾಗಿ ನೋಡಲು ಶುರು ಮಾಡಿದೆ. ನಮೂನೆ 9 ಮತ್ತು 11 ಎಂಬ ಎರಡು ಮುಖ್ಯ ಪಾತ್ರಗಳಿವೆ. ಎರಡೂ ಒಟ್ಟಿಗೆ ತೆರೆಯ ಮೇಲೆ ಬರುವುದಿಲ್ಲ. ಪ್ರತಿ ಕಂತಿನ ಕೊನೆಯಲ್ಲೂ ಉಸಿರು ಬಿಗಿ ಹಿಡಿಯುವಂಥ ತಿರುವು: ‘ಪಿಡಿಒ ಮೀಟಿಂಗಿಗೆ ಹೋಗಿದ್ದಾರೆ.’ ಮುಂದಿನ ವಾರ ಹೋದರೆ ಪಿಡಿಒ ಇದ್ದಾರೆ, ಸರ್ವರ್ ಮೀಟಿಂಗಿಗೆ ಹೋಗಿದೆ. ಮಾನಿಟರಿನ ಮೇಲೆ ಒಂದು ಉಂಗುರ ತಿರುಗುತ್ತಲೇ ಇರುತ್ತದೆ. ಅದರ ಎದುರು ಬೆಂಚಿನಲ್ಲಿ ಕೂತ ನಾವು ಹದಿನಾಲ್ಕು ಜನ ಆ ಉಂಗುರವನ್ನೇ ನೋಡುತ್ತೇವೆ. ನಟನೆ ಎಲ್ಲೂ ಅತಿಯಾಗಿಲ್ಲ. ಯಾವ ಪಂಚಾಯಿತಿ ಎಂದು ಮಾತ್ರ ಹೇಳಲಾರೆ. ಹೇಳಿದರೆ ಸ್ಪಾಯ್ಲರ್ ಆಗುತ್ತದೆ.

ಕನ್ನಡಿಗರು ಮಾಡಿದ ಶ್ರೇಷ್ಠ ಸರಣಿ ಕನ್ನಡದಲ್ಲಿರಬಾರದು ಎಂಬ ಪದ್ಧತಿ ಓಟಿಟಿಯವರು ಕಂಡುಹಿಡಿದದ್ದಲ್ಲ, ಅದಕ್ಕೆ ಘನವಾದ ಪೂರ್ವಜರಿದ್ದಾರೆ. ‘ಮಾಲ್ಗುಡಿ ಡೇಸ್’ ತೆಗೆದುಕೊಳ್ಳಿ. ನಿರ್ದೇಶಕ ಶಂಕರ್ ನಾಗ್, ಊರು ಆಗುಂಬೆ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನಪ್ಪನಾಗಿ ಗಿರೀಶ ಕಾರ್ನಾಡ. ಮಳೆಯೂ ಮಲೆನಾಡಿನದೇ. 1986ರಲ್ಲಿ ದೂರದರ್ಶನದಲ್ಲಿ ಅದು ಬಂದಾಗ ಆಗುಂಬೆಯ ಆ ಬೀದಿ ಇಡೀ ದೇಶಕ್ಕೆ ಹಿಂದಿಯಲ್ಲಿ ಮಾತಾಡಿತು. ಇನ್ನು ಕೆಲವು ಕಂತು ಇಂಗ್ಲಿಷಿನಲ್ಲಿ. ಕನ್ನಡದ ಮಾತು ಕಲಿಯಲು ಸ್ವಾಮಿಗೆ ಮೂರು ದಶಕ ಹಿಡಿಯಿತು. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲಿ ಬೇರೆ ಕೆಲಸವಿಲ್ಲದಿದ್ದಾಗ ಜೀ ಕನ್ನಡದಲ್ಲಿ ಕಲಿತ. ತಮಾಷೆ ಪಕ್ಕಕ್ಕಿಡಿ, ಅದನ್ನು ನಾನು ಯಾವ ಭಾಷೆಯಲ್ಲಿ ಬಂದರೂ ನೋಡುತ್ತೇನೆ.

ಈಗ ಒಂದು ಎಚ್ಚರಿಕೆ. ತಂಬಾಕಿನ ಪೊಟ್ಟಣದ ಮೇಲಿರುವಂತೆ ದಪ್ಪಕ್ಷರದಲ್ಲಿ ಓದಿಕೊಳ್ಳಿ. ಮುಂದೆ ಹೆಸರಿಸುವ ಸರಣಿಗಳಲ್ಲಿ ಪಾತ್ರಗಳು ಕನ್ನಡದಲ್ಲೇ ಮಾತಾಡುತ್ತವೆ. ಅಭ್ಯಾಸವಿಲ್ಲದವರು ಹಿರಿಯರ ಸಮ್ಮುಖದಲ್ಲಿ ನೋಡುವುದು ಒಳ್ಳೆಯದು.

‘ಹಂಬಲ್ ಪೊಲಿಟಿಷಿಯನ್ ನೊಗರಾಜ್’ 2022ರ ಜನವರಿಯಲ್ಲಿ ವೂಟ್ ಸೆಲೆಕ್ಟಿನಲ್ಲಿ ಬಂತು, ದಾನಿಶ್ ಸೇಠ್ ಅದರಲ್ಲಿ ಕುರ್ಚಿಗಾಗಿ ಏನು ಬೇಕಾದರೂ ಮಾಡುವ ರಾಜಕಾರಣಿ. ಮರುವರ್ಷ ವೂಟ್ ಹೋಗಿ ಜಿಯೋಸಿನಿಮಾ ಆಯಿತು. 2025ರ ಫೆಬ್ರುವರಿ 14ರಂದು ಜಿಯೋಸಿನಿಮಾ ಹೋಗಿ ಜಿಯೋಹಾಟ್‌ಸ್ಟಾರ್ ಆಯಿತು. ರಾಜಕಾರಣಿ ಪಕ್ಷ ಬದಲಿಸುವುದನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ರಾಜಕಾರಣಿ ಕೂತಲ್ಲೇ ಕೂತಿದ್ದು, ಅವನ ಕೆಳಗಿನ ಪಕ್ಷವೇ ಬದಲಾದ ಉದಾಹರಣೆ ಇದೊಂದೇ.

‘ಏಕಂ’ನವರು ಮಾಡಿದ ತಪ್ಪು ಇನ್ನೂ ದೊಡ್ಡದು. ಕರಾವಳಿಯ ಏಳು ಕಥೆಗಳನ್ನು ಕನ್ನಡದಲ್ಲಿ, ಶ್ರದ್ಧೆಯಿಂದ, ಚೆನ್ನಾಗಿ ಮಾಡಿಬಿಟ್ಟರು. ರಕ್ಷಿತ್ ಶೆಟ್ಟಿ ನಿರ್ಮಾಪಕರು, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅಂಥವರು ನಟರು. ಸರಕು ಸಿದ್ಧವಾಗಿ ವರ್ಷಗಳಾದರೂ ಓಟಿಟಿಯವರು ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈ 13ರಂದು ತಮ್ಮದೇ ಒಂದು ವೆಬ್‌ಸೈಟ್ ತೆರೆದು ಅಲ್ಲೇ ಬಿಟ್ಟರು. ಕೋಲಾರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಂಡಿಯಲ್ಲಿ ಯಾರೂ ಎತ್ತದ ಟೊಮೆಟೊವನ್ನು ಹೆದ್ದಾರಿ ಬದಿಗೆ ತಂದು, ಟಾರ್ಪಾಲಿನ ಮೇಲೆ ಸುರಿದು, ಹೋಗುವ ಕಾರುಗಳಿಗೆ ಕೈ ತೋರಿಸುತ್ತಾ ನಿಲ್ಲುತ್ತೇವಲ್ಲ, ಅದೇ. ಹಣ್ಣು ಚೆನ್ನಾಗಿಯೇ ಇರುತ್ತದೆ.

2025ರಲ್ಲಂತೂ ಮಿತಿ ಮೀರಿತು. ಏಪ್ರಿಲಿನಲ್ಲಿ ಜೀ5ನಲ್ಲಿ ‘ಅಯ್ಯನ ಮನೆ’, ಚಿಕ್ಕಮಗಳೂರಿನ ಕಡೆಯ ಹಳೇ ಮನೆಯೊಂದರಲ್ಲಿ ಸೊಸೆಯರು ಸಾಯುವ ಕಥೆ. ರಮೇಶ್ ಇಂದಿರಾ ನಿರ್ದೇಶನ. ಕೆಲವೇ ಕಂತು, ಅದೂ ಚಿಕ್ಕವು. ಶಿಫ್ಟ್ ಬಸ್ಸು ತಡವಾದರೆ ಒಂದು ಕಂತು ಸ್ಟಾಪಿನಲ್ಲೇ ಮುಗಿಯುತ್ತದೆ. ಆಗಸ್ಟಿನಲ್ಲಿ ‘ಶೋಧ’. ಅಕ್ಟೋಬರ್ ಕೊನೆಗೆ ‘ಮಾರಿಗಲ್ಲು’. ಒಂದೇ ವರ್ಷದಲ್ಲಿ ಮೂರು! ಹೀಗೇ ಮುಂದುವರಿದರೆ ನಾವು ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಬಹುಭಾಷಾ ಪಾಂಡಿತ್ಯದ ಗತಿಯೇನು? 2016ರಲ್ಲಿ ಭಾರತಕ್ಕೆ ಬಂದ ನೆಟ್‌ಫ್ಲಿಕ್ಸನ್ನು ನೋಡಿ ಮಿಕ್ಕವರು ಸಂಯಮ ಕಲಿಯಬೇಕು. ಕನ್ನಡದಲ್ಲಿ ಸ್ವಂತದ್ದೊಂದು ಸರಣಿ ಮಾಡಿ ನಮ್ಮನ್ನು ಮುಜುಗರಕ್ಕೆ ಸಿಕ್ಕಿಸುವ ಕೆಲಸಕ್ಕೆ ಅದು ಹತ್ತು ವರ್ಷ ಕೈ ಹಾಕಲಿಲ್ಲ.

ಅಂದಹಾಗೆ ಆ ಹುಡುಗಿಯರಲ್ಲಿ ಒಬ್ಬಳು, ‘ಸೀಸನ್ ಅಂದರೆ ಏನು ಅಂಕಲ್, ಒಂದೇ ಸಲ ಯಾಕೆ ತೋರಿಸಲ್ಲ’ ಎಂದು ಕೇಳಿದಳು. ರಾಯಚೂರಿನವಳು, ತುಂಗಭದ್ರೆ, ಕೃಷ್ಣೆ ಎರಡನ್ನೂ ಕಂಡವಳು, ಅವಳಿಗೆ ಗೊತ್ತಾಗುವುದಿಲ್ಲ. ಶ್ರೀನಿವಾಸಪುರದವಳಿಗೆ ತಟ್ಟನೆ ಅರ್ಥವಾಯಿತು. “ಎತ್ತಿನಹೊಳೆ ಇದ್ದಂಗೆ ಕಣೇ” ಅಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನಮ್ಮ ಕಡೆಗೆ ನೀರು ತರುವ ಆ ಯೋಜನೆಗೆ 2014ರ ಮಾರ್ಚಿನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯೊಂದಿಗೆ ಮೊದಲ ಕಂತು. ಬಜೆಟ್ಟು 12,912 ಕೋಟಿಯಿಂದ 23,251 ಕೋಟಿಗೆ ಏರಿತು. ಜನಪ್ರಿಯ ಸರಣಿಗಳ ಬಜೆಟ್ ಏರುವುದು ಸಹಜ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಪಂಪು ಚಾಲೂ ಮಾಡಿ ಹೊಸ ಸೀಸನ್ ತೆರೆದರು. ಆ ದೃಶ್ಯಗಳಲ್ಲಿ ನೀರು ಅದ್ಭುತವಾಗಿ ನಟಿಸಿದೆ. ಅದು ಕೋಲಾರ ತಲುಪುವ ಕಂತಿಗೆ ಮಾತ್ರ ಪ್ರತಿ ಚುನಾವಣೆಯಲ್ಲೂ ಟ್ರೇಲರ್ ಬರುತ್ತದೆ.

ಅಲ್ಲಿಯವರೆಗೆ ನಮಗೆ ಕೆ.ಸಿ. ವ್ಯಾಲಿ ಇದೆ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಶುದ್ಧ ಮಾಡಿ, ಪೈಪಿನಲ್ಲಿ ತಂದು, 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬುತ್ತಿದ್ದಾರೆ. ಮೊದಲು ಲಕ್ಷ್ಮೀಸಾಗರ, ಆಮೇಲೆ ನಮ್ಮ ನರಸಾಪುರದ ಕೆರೆಗೂ ಬಂತು. 2018ರ ಜುಲೈನಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದು, ವಿಷಯ ಕೋರ್ಟಿಗೆ ಹೋಗಿ, ಮತ್ತೆ ಹರಿಯಿತು. ಡಬ್ ಆದ ನೀರು ಅನ್ನಬಹುದು. ತುಟಿಗೂ ಮಾತಿಗೂ ಕೂಡಿಬರದಿದ್ದರೂ ಕೆರೆ ತುಂಬಿದೆ, ಸುತ್ತಲಿನ ಬೋರ್‌ವೆಲ್ಲುಗಳು ಉಸಿರಾಡಿವೆ. ಮೂಲ ಭಾಷೆಯದ್ದೇ ಬೇಕೆಂದು ಹಟ ಹಿಡಿದವರು ಇನ್ನೂ ಎತ್ತಿನಹೊಳೆಯ ಕಡೆ ಮುಖ ಮಾಡಿ ಕೂತಿದ್ದಾರೆ.

ನರಸಾಪುರವೇ ಒಮ್ಮೆ ತೆರೆಯ ಮೇಲೆ ಬಂದದ್ದೂ ಉಂಟು. 2020ರ ಡಿಸೆಂಬರ್ 12ರ ಬೆಳಗ್ಗೆ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ಸಿಟ್ಟು ಸಿಡಿದು ಗಾಜು ಪುಡಿಯಾದಾಗ. ಎಲ್ಲ ಭಾಷೆಗಳ ಕ್ಯಾಮೆರಾಗಳೂ ಬಂದವು, ನಮ್ಮೂರಿನ ಹೆಸರನ್ನು ಹನ್ನೆರಡು ರೀತಿ ಉಚ್ಚರಿಸಿದವು, ಎರಡು ದಿನ ಓಡಿಸಿ ಹೋದವು. ಸಂಬಳದ ಕಥೆ ಮುಂದೇನಾಯಿತೆಂದು ಎರಡನೇ ಸೀಸನ್ ಮಾಡಲು ಯಾರೂ ಬರಲಿಲ್ಲ. ಕಾರ್ಖಾನೆ ಮತ್ತೆ ಶುರುವಾಯಿತು, 2023ರಲ್ಲಿ ಟಾಟಾದವರ ಕೈಗೆ ಬಂತು. ಈಗಲೂ ಫೋನುಗಳು ನಮ್ಮ ಟೋಲ್ ರಸ್ತೆಯ ಪಕ್ಕದಿಂದ ಪೆಟ್ಟಿಗೆಗಳಲ್ಲಿ ಜಗತ್ತಿಗೆ ಹೋಗುತ್ತವೆ. ಯಾರೋ ಎಲ್ಲೋ ಅದನ್ನು ಲೋಟಕ್ಕೆ ಒರಗಿಸಿ ತಮ್ಮ ಭಾಷೆಯಲ್ಲಿ ಸರಣಿ ನೋಡುತ್ತಾರೆ. ಗಾಜಿನ ಮೇಲೆ ಒಂದು ಬೆರಳ ಗುರುತೂ ಉಳಿಯದಂತೆ ಒರೆಸಿ ಕಳಿಸುವುದು ಅಲ್ಲಿನ ಕ್ರಮ.

ಕೊನೆಯ ಶಿಫಾರಸು ‘ಬ್ರೇಕಿಂಗ್ ಬ್ಯಾಡ್’. ಅಮೆರಿಕದ್ದು, 2008ರಿಂದ 2013ರವರೆಗೆ 62 ಕಂತು. ಇದನ್ನು ನಾನು ಇಂಗ್ಲಿಷಿನಲ್ಲಿ ಪೂರ್ತಿ ನೋಡಿದ್ದೇನೆ, ಅರ್ಧ ಅರ್ಥವಾಗಿದೆ. ಆದರೆ ಇದರ ಶ್ರೇಷ್ಠ ಆವೃತ್ತಿ ನೆಟ್‌ಫ್ಲಿಕ್ಸಿನಲ್ಲಿಲ್ಲ, ನಮ್ಮ ಮನೆಯ ಹಿಂದಿನ ಜಗುಲಿಯಲ್ಲಿದೆ.

ನಮ್ಮ ಸೋದರತ್ತೆ ಮುಳಬಾಗಿಲಿನವರು, ಎಂಬತ್ತು ದಾಟಿದವರು, ಚಳಿಗಾಲ ಕಳೆಯಲು ನಮ್ಮಲ್ಲಿಗೆ ಬರುತ್ತಾರೆ. ಡಿಸೆಂಬರಿನಲ್ಲಿ ಅವರ ಮುಂದೆ ಒಂದು ಬೇಸಿನ್ ನೆನೆಹಾಕಿದ ಅವರೆಕಾಳು ಸದಾ ಇರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಒಂದು ಒತ್ತು ಕೊಟ್ಟರೆ ಬೇಳೆ ಚಿಮ್ಮಿ ಪಾತ್ರೆಗೆ, ಸಿಪ್ಪೆ ಮಡಿಲಿಗೆ. ಶ್ರೀನಿವಾಸಪುರದ ಹುಡುಗಿಯರಲ್ಲಿ ಒಬ್ಬಳು ಮಧ್ಯಾಹ್ನದ ಪಾಳಿಗೆ ಮುಂಚೆ ಅವರ ಜೊತೆ ಕೂತು ಬೇಳೆ ಹಿದುಕುತ್ತಾಳೆ. ಡಿಪ್ಲೊಮಾ ಓದಿದವಳು, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿಕೊಂಡು ರಾತ್ರಿ ಎರಡು ಕಂತು ನೋಡುತ್ತಾಳೆ, ಬೆಳಗ್ಗೆ ಅದನ್ನೇ ಅತ್ತೆಗೆ ಹೇಳುತ್ತಾಳೆ. ಮುಕ್ಕಾಲು ಕನ್ನಡ, ಕಾಲು ತೆಲುಗು.

“ಒಬ್ಬ ಮೇಷ್ಟ್ರು ಅಜ್ಜಿ. ಕೆಮಿಸ್ಟ್ರಿ ಮೇಷ್ಟ್ರು. ಸಂಬಳ ಸಾಲ್ದೆ ಕಾರು ತೊಳ್ಯಾಕೆ ಓಗ್ತಾನೆ.”

“ಗೌರ್ಮೆಂಟ್ ಮೇಷ್ಟ್ರೇನೇ?”

“ಊಂ ಅಂತ ಇಟ್ಕೊ. ಅವನಿಗೆ ಕ್ಯಾನ್ಸರ್ ಬತ್ತದೆ. ದುಡ್ಡಿಲ್ಲ. ಅದಕ್ಕೆ ಕದ್ದು ಮಾದಕ ಪುಡಿ ಮಾಡಾಕೆ ಶುರು ಮಾಡ್ತಾನೆ.”

ಅತ್ತೆಯ ಬೆರಳು ನಿಂತಿತು. “ಅಯ್ಯೋ ಅವನ ಮನೆ ಕಾಯ್ವಾಗ. ಯಶಸ್ವಿನಿ ಕಾರ್ಡ್ ಮಾಡ್ಸಿರ್ಲಿಲ್ವಂತಾ? ಕಿದ್ವಾಯಿಗೆ ಓಗಿದ್ರೆ ಆಗ್ತಿರ್ಲಿಲ್ವಾ?”

ಹುಡುಗಿ ಯೋಚಿಸಿದಳು. 62 ಕಂತುಗಳ ತಳಪಾಯ ಒಂದೇ ಪ್ರಶ್ನೆಗೆ ಅಲುಗಾಡಿದ್ದು ಅವಳಿಗೂ ಗೊತ್ತಾಯಿತು. “ಅವರೂರಲ್ಲಿ ಅದೆಲ್ಲ ಇಲ್ಲಜ್ಜಿ” ಅಂದಳು.

“ಅಮೆರಿಕಾ ಅಮೆರಿಕಾ ಅಂತ ಸಾಯ್ತಾವೆ” ಎಂದು ಅತ್ತೆ ಮತ್ತೆ ಹಿದುಕತೊಡಗಿದರು.

ಹೀಗೆ ಮೇಷ್ಟ್ರು ದಿನದಿಂದ ದಿನಕ್ಕೆ ನಮ್ಮ ಕಡೆಯವನಾದ. ಮರುಭೂಮಿಯಲ್ಲಿ ಅವನು ನಿಲ್ಲಿಸುತ್ತಿದ್ದ ವ್ಯಾನು ಅಂತರಗಂಗೆ ಬೆಟ್ಟದ ಹಿಂದೆ ಬಂದು ನಿಂತಿತು. ಅವನ ಹೆಂಡತಿ ಚಿನ್ನದ ಅಂಗಡಿಗೆ ಹೋಗಿ ಬಂದಳು. ಅವನ ಷಡ್ಡಕ, ಪೊಲೀಸಿನವನು, ಮನೆಗೆ ಊಟಕ್ಕೆ ಬಂದಾಗ ಮೇಷ್ಟ್ರ ಹೆಂಡತಿ ಏನು ಮಾಡಿ ಹಾಕಿದಳು ಎಂದು ಅತ್ತೆ ಕೇಳಿದ್ದಕ್ಕೆ ಹುಡುಗಿ ತಡವರಿಸದೆ “ಹಿತಕಿದಬೇಳೆ ಸಾರು, ಮುದ್ದೆ” ಎಂದಳು. ಮಿಕ್ಕ ಹುಡುಗಿಯರೂ ಒಬ್ಬೊಬ್ಬರಾಗಿ ಕೆಳಗಿಳಿದು ಬಂದು ಕೂರತೊಡಗಿದರು. ಒಡಿಶಾದವಳಿಗೆ ಕನ್ನಡ ಬಾರದು, ಅವಳು ಅತ್ತೆಯ ಮುಖ ನೋಡಿಕೊಂಡು ಕಥೆ ತಿಳಿದುಕೊಳ್ಳುತ್ತಿದ್ದಳು.

ಹೋದ ವಾರ ಶ್ರೀನಿವಾಸಪುರದವಳಿಗೆ ರಾತ್ರಿ ಪಾಳಿ ಬಿತ್ತು. ಬೆಳಗ್ಗೆ ಬಂದವಳೇ ಮಲಗಿಬಿಡುತ್ತಾಳೆ. ಮೇಷ್ಟ್ರು ಪೊಲೀಸಿನವನ ಕೈಗೆ ಇನ್ನೇನು ಸಿಕ್ಕಿಬೀಳಬೇಕು, ಅಲ್ಲಿಗೆ ನಿಂತಿದೆ. ನಾಲ್ಕು ದಿನ ನೋಡಿ, ಪೂರ್ತಿ ನೋಡಿದವನೆಂಬ ಧೈರ್ಯದ ಮೇಲೆ ನಾನೇ ಹೇಳಲು ಕೂತೆ. ಎರಡು ನಿಮಿಷವಾಗಿರಬಹುದು. ಅತ್ತೆ ಬೇಳೆಯ ಪಾತ್ರೆಯನ್ನು ನನ್ನಿಂದ ದೂರ ಸರಿಸಿಕೊಂಡರು.

“ನೀನು ಬಿಡಪ್ಪಾ. ಅವಳ ಪಾಳಿ ಯಾವತ್ತು ಬದಲಾಗ್ತದೋ ಕೇಳ್ಕೊಂಡು ಬಾ.”